ಎಸ್ಪ್ಲನೇಡಿನಿಂದ ಗರಿಯಾಹಾಟಿಗೆ

ಸುಗಂಧಿ ಬಂಗಾಳದ ಕಾಂತಾ ಹೊಲಿಗೆಯನ್ನು ಕಲಿತದ್ದು ಹಾಲು ಕಾಯುವ ಹೊತ್ತಿನಲ್ಲಿ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವವರೆಗೆ ಅಡುಗೆಮನೆಯ ಕಿಟಕಿಯ ಬಳಿ ನಿಂತು ಸೂಜಿ ಓಡಿಸುತ್ತಿದ್ದಳು. ಕುಕ್ಕರ್ ಕೂಗುವ ಮೊದಲು ಇನ್ನೊಂದು ಸಾಲು. ಚಿಕ್ಕ ಮಗಳು ಗೌರಿಯ ಸ್ಕೂಲ್ ಬಸ್ಸಿಗಾಗಿ ಗೇಟಿನಲ್ಲಿ ಕಾಯುವಾಗ ಮತ್ತೊಂದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅವುಗಳ ಅಂಚಿನಿಂದಲೇ ನೂಲು ಬಿಡಿಸಿಕೊಂಡು, ಸಾಲುಸಾಲಾಗಿ ಸಣ್ಣ ಹೊಲಿಗೆ ಹಾಕುತ್ತಾ ಹೋದರೆ ಹೊದಿಕೆಯಾಗುತ್ತದೆ. ನಮ್ಮ ಕೌದಿಯ ಹಾಗೆಯೇ, ಆದರೆ ಇನ್ನಷ್ಟು ತೆಳು, ಇನ್ನಷ್ಟು ಮೆದು.

ಕಲಿಸಿದವರು ಕೆಳಗಿನ ಮನೆಯ ಸಾವಿತ್ರಿ ಮುಖರ್ಜಿ. ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಸುಗಂಧಿಯ ಗಂಡ ಸುಧಾಕರ ಶೆಟ್ಟಿ ಬ್ಯಾಂಕಿನಲ್ಲಿ ಅಧಿಕಾರಿ. ಕುಂದಾಪುರದಿಂದ ಕಲ್ಕತ್ತೆಗೆ ವರ್ಗವಾಗಿ, ಗರಿಯಾಹಾಟ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಸಂಸಾರ ಸಮೇತ ಬಂದಿಳಿದ ದಿನ ಸುಗಂಧಿಗೆ ಬಂಗಾಳಿಯ ಒಂದು ಮಾತೂ ಬರುತ್ತಿರಲಿಲ್ಲ. ಅಂದು ಸಾವಿತ್ರಿ ಒಂದು ಪಾತ್ರೆ ತುಂಬ ಬಿಸಿ ಖಿಚುಡಿ ತಂದು, ಬಿಚ್ಚದ ಗಂಟುಗಳ ನಡುವೆ ಇಟ್ಟು, ಮಕ್ಕಳನ್ನು ತಾವೇ ಕೂರಿಸಿ ಉಣ್ಣಿಸಿ ಹೋಗಿದ್ದರು. ಅಂದಿನಿಂದ ಅವರು ಮನೆಮಂದಿಗೆಲ್ಲ ಸಾವಿತ್ರಿದಿ, ಸಾವಿತ್ರಿಯಕ್ಕ.

ಅವರ ಎದೆಯಲ್ಲಿ ಗಂಟು ಇದೆ ಎಂದು ಗೊತ್ತಾದಾಗ ಆಸ್ಪತ್ರೆಗೆ ಜೊತೆಯಾಗಿ ಹೋದವಳು ಸುಗಂಧಿಯೇ. ಮಕ್ಕಳನ್ನು ಶಾಲೆಗೆ ಕಳಿಸಿ, ಸುಧಾಕರನ ಡಬ್ಬಿ ಕಟ್ಟಿ, ಬಸ್ಸು ಹಿಡಿದು ಹೋಗುವುದು. ಮಕ್ಕಳು ಮರಳುವ ಹೊತ್ತಿಗೆ ಮನೆಗೆ ಬರುವುದು. ಶಸ್ತ್ರಚಿಕಿತ್ಸೆಯಾಯಿತು, ಆಮೇಲಿನ ಔಷಧಿಗೆ ಕೂದಲು ಉದುರಿತು. ಸಾವಿತ್ರಿದಿ ತಲೆಗೆ ಸೆರಗು ಹೊದೆಯುವುದನ್ನು ಎರಡೇ ವಾರ ಮಾಡಿದರು. ಮೂರನೆಯ ವಾರ, "ಯಾರಿಗೆ ನೋಡಬೇಕೋ ನೋಡಲಿ" ಎಂದು ಸೆರಗು ಕೆಳಗಿಳಿಸಿದರು.

ಆಸ್ಪತ್ರೆಯ ಹೊರಗಿನ ಫುಟ್‌ಪಾತಿನ ಮೇಲೆ, ನೀಲಿ ಪ್ಲಾಸ್ಟಿಕ್ ಹಾಳೆಗಳ ಕೆಳಗೆ ಹೆಂಗಸರು ಮಲಗಿರುತ್ತಿದ್ದರು. ದೂರದ ಜಿಲ್ಲೆಗಳಿಂದ ಚಿಕಿತ್ಸೆಗೆ ಬಂದವರು. ಇವತ್ತು ಔಷಧಿ ಕೊಟ್ಟರೆ ಮತ್ತೆ ವಾರ ಬಿಟ್ಟು ಬಾ ಎನ್ನುತ್ತಾರೆ. ಊರಿಗೆ ಹೋಗಿ ಬರುವ ಶಕ್ತಿ ಮೈಯಲ್ಲಿಲ್ಲ. ಒಂದು ದಿನ ಸಾವಿತ್ರಿದಿ ಅಲ್ಲಿಯೇ ನಿಂತುಬಿಟ್ಟರು.

"ಸುಗಂಧಿ, ನನಗೆ ವಾಂತಿಯಾದರೆ ಹೋಗಿ ಮಲಗಲಿಕ್ಕೆ ಮನೆಯಿದೆ. ಇವರು ಎಲ್ಲಿ ಹೋಗುತ್ತಾರೆ?"

ಉತ್ತರ ಸಾವಿತ್ರಿದಿಯ ಸೋದರತ್ತೆಯ ಹತ್ತಿರ ಇತ್ತು. ಕಾಲೀಘಾಟಿನಲ್ಲಿ ಆ ಮುದುಕಿಗೆ ಹಳೆಯ ಮನೆಯೊಂದಿತ್ತು. ಕೆಳಗಿನ ಅಂತಸ್ತು ಬೀಗ ಹಾಕಿ ಬಿದ್ದಿತ್ತು. ಬಳಸಿಕೊಳ್ಳಿ ಎಂದು ಆಕೆ ಒಪ್ಪಿದಳು. ಆದರೆ ಗೋಡೆ ಒಸರುತ್ತಿತ್ತು, ಕಕ್ಕಸು ಮುರಿದಿತ್ತು, ಮಂಚ ಹಾಸಿಗೆ ಒಂದೂ ಇರಲಿಲ್ಲ.

ಹಣ ಕೂಡಿಸಲು ನಡೆಯುವ ಉಪಾಯ ಸುಗಂಧಿಯದು. ಸಂಜೆ ಹೊತ್ತು ಢಾಕುರಿಯಾ ಕೆರೆಯ ಸುತ್ತ ನಡೆಯುವ ಹೆಂಗಸರ ಗುಂಪೊಂದಿತ್ತು: ಬಂಗಾಳಿಗಳು, ತಮಿಳರು, ಗುಜರಾತಿಗಳು, ಕನ್ನಡದ ನಾಲ್ಕಾರು ಮಂದಿ. ಒಂದು ಸಂಜೆ ಸುಗಂಧಿ ಬೆಂಚಿನ ಮೇಲೆ ಕೂತವರ ಮುಂದೆ ನಿಂತು ಹೇಳಿದಳು: "ನಾವು ಹೇಗೂ ನಡೀತೇವೆ. ಕೆರೆ ಸುತ್ತ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಚೌರಂಗಿ ರಸ್ತೆಯಲ್ಲಿ ನಡೆಯುವ. ಎಸ್ಪ್ಲನೇಡಿನಿಂದ ಗರಿಯಾಹಾಟಿಗೆ. ಒಬ್ಬೊಬ್ಬಳೂ ತನ್ನ ಪರಿಚಯದವರ ಹತ್ತಿರ ಹೇಳಲಿ, ನಾನು ಇಷ್ಟು ದೂರ ನಡೆಯುತ್ತೇನೆ, ನೀವು ಆ ಮನೆಗಾಗಿ ಏನು ಕೊಡುತ್ತೀರಿ ಅಂತ. ಜೊತೆಗೆ ಮನೆಯಲ್ಲಿರುವ ಒಂದು ಹಳೇ ಸೀರೆ ತನ್ನಿ. ಹೊದಿಕೆ ಹೊಲಿಯುವುದು ನನಗೆ ಬಿಡಿ."

ಎಲ್ಲರೂ ಒಂದೇ ಸಲಕ್ಕೆ ಮಾತಾಡತೊಡಗಿದರು. ಅದನ್ನು ಅವಳು ಒಪ್ಪಿಗೆ ಎಂದೇ ತೆಗೆದುಕೊಂಡಳು.

ಮರುವಾರದಿಂದ ಅವಳ ಮನೆಯ ಪಡಸಾಲೆಯಲ್ಲಿ ಸೀರೆಗಳು ಬೀಳತೊಡಗಿದವು. ಊಟದ ಮೇಜಿನ ಅರ್ಧ ಭಾಗ ಸೀರೆಗೆ, ಅರ್ಧ ಊಟಕ್ಕೆ. ದೊಡ್ಡ ಮಗಳು ಸ್ನೇಹಲತಾ ಹದಿಮೂರರವಳು. ಅವಳ ಗಣಿತದ ಪುಸ್ತಕದಲ್ಲಿ ಸೂಜಿ ಸಿಕ್ಕಿ ಒಂದು ರಂಪವಾಯಿತು. ನಡೆಯುವವರಿಗೆಲ್ಲ ಹೆಗಲ ಮೇಲೆ ಹಾಕಿಕೊಳ್ಳಲು ಒಂದೊಂದು ತುಂಡು ಕಾಂತಾ ಬಟ್ಟೆ, ಅದರ ಮೇಲೆ ಕೆಂಪು ನೂಲಿನಲ್ಲಿ ಒಂದು ಪುಟ್ಟ ಮನೆಯ ಚಿತ್ರ ಎಂದು ಸುಗಂಧಿ ತೀರ್ಮಾನಿಸಿದ್ದಳು. ಮನೆ ಹೊಲಿಯುವುದನ್ನು ಗೌರಿಯೂ ಕಲಿತಳು. ಅವಳ ಮನೆಗಳೆಲ್ಲ ಸ್ವಲ್ಪ ಎಡಕ್ಕೆ ವಾಲುತ್ತಿದ್ದವು.

"ಅಮ್ಮಾ, ಪ್ಲೀಸ್, ನನ್ನನ್ನ ಕರೀಬೇಡ," ಎಂದಳು ಸ್ನೇಹಲತಾ. "ಭವಾನಿಪುರದಲ್ಲಿ ನನ್ನ ಫ್ರೆಂಡ್ಸ್ ಇದ್ದಾರೆ. ರೋಡಲ್ಲಿ ಹೋಗ್ತಾ ಇರೋದು ನೋಡಿದ್ರೆ ನಗ್ತಾರೆ."

"ನಗಲಿ. ನಕ್ಕವರ ಮನೆಯಿಂದಲೂ ಒಂದು ಸೀರೆ ಕೇಳು."

ದಿನ ನಿಶ್ಚಯವಾಯಿತು, ಜನವರಿಯ ಒಂದು ಭಾನುವಾರ. ಪೊಲೀಸ್ ಠಾಣೆಯವರು ಅನುಮತಿಗೆ ಮುಂಚೆ ಪಾಡಾದ, ಅಂದರೆ ಬಡಾವಣೆಯ, ಆಳುವ ಪಕ್ಷದ ಕಚೇರಿಯಲ್ಲೂ ಒಂದು ಮಾತು ಹೇಳಿ ಬನ್ನಿ ಎಂದರು. ಆ ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ನಲ್ಲಿ ರಿಪೇರಿಯಿಂದ ಮದುವೆಯ ಚಪ್ಪರದವರೆಗೆ ಅಲ್ಲಿ ಒಂದು ಮಾತು ಹೇಳುವುದು ರೂಢಿ. ಸುಗಂಧಿ ತರಕಾರಿ ಚೀಲ ಹಿಡಿದುಕೊಂಡೇ ಹೋದಳು. ದೇಬೇಂದ್ರಬಾಬು ಎಂಬ ಬಿಳಿ ಜುಬ್ಬದ ಹಿರಿಯರು ಮಣ್ಣಿನ ಲೋಟದಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದರು.

"ಮೆರವಣಿಗೆಯಾ? ಯಾವ ಬೇಡಿಕೆ?"

"ಬೇಡಿಕೆ ಇಲ್ಲ. ಕಾಯಿಲೆಯ ಹೆಂಗಸರಿಗೆ ಉಳಿಯಲು ಮನೆ ಮಾಡುತ್ತಿದ್ದೇವೆ." ಅವಳ ಬಂಗಾಳಿಯಲ್ಲಿ ಅರ್ಧ ಹಿಂದಿ ಇತ್ತು, ಹಿಂಜರಿಕೆ ಮಾತ್ರ ಇರಲಿಲ್ಲ.

"ಒಳ್ಳೆ ಕೆಲಸ. ಆದರೆ ಆ ಭಾನುವಾರ ಬ್ರಿಗೇಡ್ ಮೈದಾನದಲ್ಲಿ ನಮ್ಮ ದೊಡ್ಡ ಸಭೆ. ಎಲ್ಲ ಜಿಲ್ಲೆಗಳಿಂದ ಜನ ಬರುತ್ತಾರೆ. ದಿನ ಬದಲಾಯಿಸಿ ಬೌದಿ." ಬೌದಿ ಎಂದರೆ ಅತ್ತಿಗೆ.

"ಆಗುವುದಿಲ್ಲ ದಾದಾ. ಇಷ್ಟು ಹೆಂಗಸರು ಒಂದೇ ದಿನ ಮನೆಬಿಟ್ಟು ಹೊರಡುವುದನ್ನು ಹೊಂದಿಸಿದ್ದೇನೆ. ಮತ್ತೊಮ್ಮೆ ಹೊಂದಿಸಲು ನನ್ನಿಂದಲೂ ಸಾಧ್ಯವಿಲ್ಲ. ನಿಮ್ಮವರು ಮೈದಾನಕ್ಕೆ ಬರುವವರು, ನಾವು ಮೈದಾನದ ಕಡೆಯಿಂದ ಹೋಗುವವರು. ಬೆಳಿಗ್ಗೆ ಏಳಕ್ಕೇ ಹೊರಡುತ್ತೇವೆ. ರಸ್ತೆಯ ಬದಿ ನಮಗೆ ಸಾಕು."

ದೇಬೇಂದ್ರಬಾಬು ಚಹಾ ಮುಗಿಸಿದರು. "ಜಗಳವಾಗಬಾರದು" ಎಂದರು.

"ನಾವು ಜಗಳ ಮಾಡುವುದು ಮೀನಿನಂಗಡಿಯಲ್ಲಿ ಮಾತ್ರ" ಎಂದಳು ಸುಗಂಧಿ. ಅವರು ನಕ್ಕುಬಿಟ್ಟರು.

ಅಷ್ಟಾದ ಮೇಲೆ ಊರಿನಿಂದ ಫೋನು ಬಂತು. ಸುಧಾಕರನ ತಾಯಿ ರುಕ್ಮಿಣಿಯಮ್ಮ ಮೂರು ತಿಂಗಳು ಮೊಮ್ಮಕ್ಕಳ ಜೊತೆ ಇರಲು ಹೊರಟಿದ್ದರು. ಪರಿಚಯದವರ ಸಂಸಾರವೊಂದು ಕಲ್ಕತ್ತೆಗೆ ಬರುವುದಿತ್ತು, ಅವರ ಜೊತೆ ಟಿಕೆಟ್ ಆಗಿದೆ. ಮದ್ರಾಸ್ ಮೇಲ್ ರೈಲು ಹೌರಾಕ್ಕೆ ಬರುವುದು ಅದೇ ಭಾನುವಾರ ಬೆಳಿಗ್ಗೆ.

ಸುಧಾಕರನ ಮುಖ ಸಪ್ಪಗಾಯಿತು. "ಅಮ್ಮ ಎಂತ ಅಂದ್ಕಂತ್ರೋ. ಸೊಸೆ ಸ್ಟೇಷನ್ನಿಗೆ ಬರ್ಲಿಲ್ಲ ಅಂದ್ರೆ..."

"ನಾನೇ ಹೇಳ್ತೆ, ಫೋನ್ ಕೊಡಿ."

ಅವಳು ಹೇಳಿದಳು. ಆ ಕಡೆ ಅತ್ತೆಯ ದನಿ ಏರಿತು.

"ಎಂತ ಹೆಣ್ಣೇ! ನಾನ್ ಅಷ್ಟ್ ದೂರದಿಂದ ರೈಲಲ್ ಕೂಕಂಡ್ ಬಪ್ಪುದ್, ನೀನ್ ಸ್ಟೇಷನ್ನಿಗೆ ಬತ್ತಿಲ್ಯಾ?"

"ಇಲ್ಲ ಅತ್ತೆ. ಇವ್ರ್ ಬತ್ರ್. ನಂಗ್ ಆ ದಿನದ ಕೆಲ್ಸ ಬಿಡೂಕ್ ಆತಿಲ್ಲ."

"ಎಂತ ಕೆಲ್ಸ?"

"ನಡೂದ್."

"ನಡೂದಾ? ನಡೂದೂ ಒಂದ್ ಕೆಲ್ಸವಾ?"

"ನೀವ್ ಬನಿ ಅತ್ತೆ. ಬಂದ್ ಮೇಲೆ ಹೇಳ್ತೆ."

ಅವಳು ಫೋನಿಟ್ಟಳು. ಅತ್ತೆ ಸಿಟ್ಟಾಗಬಹುದು. ಸಿಟ್ಟಾದರೆ ಬಾಳೆಕಾಯಿ ಪೋಡಿ ಕರಿದುಕೊಟ್ಟು ಸಮಾಧಾನ ಮಾಡಿದರಾಯಿತು ಎಂದುಕೊಂಡು, ಅವಳು ಮತ್ತೆ ಸೂಜಿಗೆ ನೂಲು ಪೋಣಿಸಿದಳು.

ಭಾನುವಾರ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಗೌರಿಯನ್ನು ಎದುರು ಮನೆಯಲ್ಲಿ ಬಿಟ್ಟು, ಅನ್ನ ಸಾರು ಮಾಡಿಟ್ಟು, ಅತ್ತೆಗೆಂದು ಹೊಸ ಚಾದರ ಹಾಸಿ ಸುಗಂಧಿ ಹೊರಟಳು. ಸ್ನೇಹಲತಾ ಜೊತೆಗಿದ್ದಳು, ಸಾವಿತ್ರಿದಿ ತಾವೇ ಬಂದು, "ನನ್ನ ನೀರಿನ ಬಾಟಲಿ ಹಿಡಿಯಲು ಒಬ್ಬಳು ಬೇಕು" ಎಂದಿದ್ದರು. ಅವರಿಗೆ ಇಲ್ಲವೆನ್ನಲು ಹುಡುಗಿಗೆ ಬಾಯಿ ಬಂದಿರಲಿಲ್ಲ. ಸಾವಿತ್ರಿದಿ ಹಾಜ್ರಾ ವೃತ್ತದವರೆಗೆ ಕಾರಿನಲ್ಲಿ ಹೋಗಿ ಕಾಯುವುದು, ಅಲ್ಲಿಂದ ಕಾಲೀಘಾಟಿನ ಮನೆಯವರೆಗಿನ ಸ್ವಲ್ಪ ದೂರ ಮಾತ್ರ ನಡೆಯುವುದು ಎಂದು ಡಾಕ್ಟರೇ ಹೇಳಿದ್ದರು. ಆದರೆ ಬೆಳಿಗ್ಗೆ ಎಸ್ಪ್ಲನೇಡಿಗೆ ಬಂದು ಎಲ್ಲರನ್ನೂ ನೋಡದೆ ಇರಲಾರೆ ಎಂದು ಅವರು ಹಟ ಹಿಡಿದಿದ್ದರು.

ಎಸ್ಪ್ಲನೇಡಿನಲ್ಲಿ ಟ್ರಾಮು ತಿರುಗುವ ಕಡೆ ಹೆಂಗಸರು ಸೇರಿದ್ದರು. ರೇಷ್ಮೆ ಸೀರೆಯವರು, ಸಲ್ವಾರಿನವರು, ಮಂಕಿ ಟೋಪಿ ಹಾಕಿಕೊಂಡ ಅಜ್ಜಿಯೊಬ್ಬರು. ಹೆಗಲ ಮೇಲೆ ಒಂದೊಂದು ಕೆಂಪು ಮನೆ. ಹಸಿರು ಬಾವುಟ ತೋರಿಸಬೇಕಿದ್ದ ಮುಖ್ಯ ಅತಿಥಿ ಮಾತ್ರ ಬಂದಿರಲಿಲ್ಲ. ಹಲವರು ಕಾಯೋಣ ಎಂದರು. ಸುಗಂಧಿ ರಸ್ತೆಯ ಕಡೆ ನೋಡಿದಳು. ದೂರದಲ್ಲಿ ಆಗಲೇ ಲಾರಿಗಳು, ಬಾವುಟಗಳು.

"ಕಾಯುವುದಿಲ್ಲ," ಎಂದಳು. "ಸಾವಿತ್ರಿದಿ, ನೀವು ತೋರಿಸಿ."

ಸಾವಿತ್ರಿದಿ ಬಾವುಟ ಎತ್ತಬೇಕು, ಅಷ್ಟರಲ್ಲಿ ಹಳದಿ ಟ್ಯಾಕ್ಸಿಯೊಂದು ಪಕ್ಕಕ್ಕೆ ಬಂದು ನಿಂತಿತು. ಮೊದಲು ಇಳಿದದ್ದು ಸುಧಾಕರ, ತಪ್ಪು ಮಾಡಿದವನ ಮುಖ ಮಾಡಿಕೊಂಡು. ಆಮೇಲೆ ರುಕ್ಮಿಣಿಯಮ್ಮ: ಮಾಸಲು ಕೈಮಗ್ಗದ ಸೀರೆ, ಮೇಲೆ ಸ್ವೆಟರು, ಸೊಂಟದಲ್ಲಿ ಎಲೆ ಅಡಿಕೆಯ ಚೀಲ.

"ಸೀದಾ ಮನೆಗೆ ಹೋಪ ಅಂದೆ," ಎಂದ ಸುಧಾಕರ. "ಕೇಳ್ಲಿಲ್ಲ. ಅವ್ಳ್ ಎಲ್ಲಿದ್ಲೋ ಅಲ್ಲಿಗ್ ಕರ್ಕಂಡ್ ಹೋಗ್ ಅಂದ್ರ್."

ಸುಗಂಧಿ ಎಲ್ಲರ ಮುಂದೆ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಏಳುವಾಗ, ಬೈಗುಳ ಬರುವುದಾದರೆ ಬರಲಿ ಎಂದು ನೆಟ್ಟಗೆ ನಿಂತಳು.

ರುಕ್ಮಿಣಿಯಮ್ಮ ಸೊಸೆಯನ್ನಲ್ಲ, ಸಾವಿತ್ರಿದಿಯನ್ನು ನೋಡುತ್ತಿದ್ದರು. ಬೋಳು ತಲೆ, ಅದರ ಮೇಲೆ ಆಗತಾನೆ ಚಿಗುರುತ್ತಿದ್ದ ಬಿಳಿ ಕೂದಲು.

"ಇವ್ರಾ ನಿನ್ ಸಾವಿತ್ರಿದಿ?"

"ಹೌದ್ ಅತ್ತೆ."

"ಇವ್ರೂ ನಡೀತ್ರಾ?"

"ಸ್ವಲ್ಪ ದೂರ."

"ಒಟ್ಟು ಎಷ್ಟ್ ದೂರ?"

"ಏಳು ಕಿಲೋಮೀಟರ್ ಇರ್ಬಹುದು."

ರುಕ್ಮಿಣಿಯಮ್ಮ ಮಗನ ಕಡೆ ತಿರುಗಿದರು. "ನೀನ್ ಗಂಟ್ ತಕಂಡ್ ಮನೆಗ್ ಹೋಗ್. ನಾನೂ ಬತ್ತೆ ಇವ್ರ ಒಟ್ಟಿಗೆ. ರೈಲಲ್ ಕೂತ್ ಕೂತ್ ಕಾಲ್ ಜೋಮ್ ಹಿಡ್ದಿತ್."

"ಅಮ್ಮಾ, ಈ ಪ್ರಾಯದಲ್ಲಿ..."

"ಎಂತ ಪ್ರಾಯ? ನಿನ್ನ ಸೊಂಟದ್ ಮೇಲೆ ಕೂರ್ಸ್ಕಂಡ್ ಇದ್ಕಿಂತ ದೂರ ನಡ್ದಿದೆ ನಾನ್. ಹೋಗ್ ಮಗಾ."

ಸುಗಂಧಿ ತನ್ನ ಹೆಗಲ ಬಟ್ಟೆಯನ್ನು ತೆಗೆದು ಅತ್ತೆಗೆ ಹೊದೆಸಿದಳು. ಅವರು ಕೆಂಪು ಮನೆಯ ಹೊಲಿಗೆಯ ಮೇಲೆ ಬೆರಳಾಡಿಸಿ, "ಹೊಲ್ದದ್ ಪಾಡಿತ್" ಎಂದರು. ಚೆನ್ನಾಗಿದೆ ಎಂದು. ಹದಿನೈದು ವರ್ಷಗಳ ಸೊಸೆತನದಲ್ಲಿ ಸುಗಂಧಿ ಆ ಮಾತನ್ನು ಹೆಚ್ಚು ಸಲ ಕೇಳಿರಲಿಲ್ಲ.

ಬಾವುಟ ಮೇಲೇರಿತು. ಸಾವಿತ್ರಿದಿ ಕಾರು ಹತ್ತಿದರು, ಉಳಿದವರು ಹೆಜ್ಜೆ ಹಾಕಿದರು. ಎಡಗಡೆ ಹೋಟೆಲುಗಳ ಸಾಲು, ಬಲಗಡೆ ಮಂಜಿನಲ್ಲಿ ಮೈದಾನ. ಪಾರ್ಕ್ ಸ್ಟ್ರೀಟಿನ ಬಾಯಿಯಲ್ಲಿ ಸುಗಂಧಿ ಹಿಂದಕ್ಕೂ ಮುಂದಕ್ಕೂ ಓಡಾಡಿ ಸಾಲು ಸರಿಮಾಡಿದಳು. ಒಬ್ಬಳ ಚಪ್ಪಲಿ ಹರಿದರೆ ಚೀಲದಿಂದ ದಬ್ಬಳ ತೆಗೆದು ಅಲ್ಲೇ ಹೊಲಿದುಕೊಟ್ಟಳು. ಸ್ನೇಹಲತಾ ಮೊದಲು ಎಲ್ಲರಿಗಿಂತ ಹತ್ತು ಮಾರು ಹಿಂದೆ, ಯಾರ ಜೊತೆಗೂ ಸೇರದವಳಂತೆ ಬರುತ್ತಿದ್ದಳು. ಅಜ್ಜಿ ತಿರುಗಿ ನಿಂತು ಕೈಚಾಚಿದರು. "ಬಾ ಮಗಾ, ನಂಗ್ ಈ ಊರ್ ಗೊತ್ತಿಲ್ಲ. ಅದೆಂತ ಬಿಳಿ ಗುಡಿ?" ವಿಕ್ಟೋರಿಯಾ ಮೆಮೋರಿಯಲ್ಲನ್ನು ಅಜ್ಜಿಗೆ ಕನ್ನಡದಲ್ಲಿ ವಿವರಿಸಲು ಹೋಗಿ ಸ್ನೇಹಲತಾಳಿಗೆ ಪದಗಳೇ ಸಿಗಲಿಲ್ಲ. ಇಂಗ್ಲಿಷು, ಹಿಂದಿ, ಕೈಸನ್ನೆ ಎಲ್ಲ ಸೇರಿಸಿ ಹೇಳುವಷ್ಟರಲ್ಲಿ ಇಬ್ಬರೂ ಸಾಲಿನ ನಡುವೆ ಬಂದಿದ್ದರು.

ಭವಾನಿಪುರದಲ್ಲಿ ತೊಡಕಾಯಿತು. ಎದುರಿನಿಂದ ಮೈದಾನಕ್ಕೆ ಹೊರಟ ಮೆರವಣಿಗೆ ಆಗಲೇ ಬಂದಿತ್ತು. ಸುಗಂಧಿ ಎಣಿಸಿದ್ದಕ್ಕಿಂತ ಎರಡು ತಾಸು ಮೊದಲೇ. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಜನ, ಕೆಂಪು ಬಾವುಟ, ಘೋಷಣೆ. ಫುಟ್‌ಪಾತೂ ತುಂಬಿತ್ತು. ತೋಳಿಗೆ ಪಟ್ಟಿ ಕಟ್ಟಿಕೊಂಡ ಸ್ವಯಂಸೇವಕನೊಬ್ಬ ಕೈ ಅಡ್ಡ ಹಿಡಿದ.

"ಹಿಂದೆ ಹೋಗಿ. ಇದೆಲ್ಲ ಮುಗಿಯಲಿ, ಆಮೇಲೆ."

"ಎಷ್ಟು ಹೊತ್ತು?"

"ಮಧ್ಯಾಹ್ನವಾಗಬಹುದು."

ಹಾಜ್ರಾದಲ್ಲಿ ಸಾವಿತ್ರಿದಿ ಕಾಯುತ್ತಿದ್ದರು. ಹಿಂದೆ ಹೋಗುವುದೆಂದರೆ ಹೆಂಗಸರು ಚದುರಿ ಹೋಗುವುದು. ಮುಂಜಾನೆಯಿಂದ ಮೊದಲ ಬಾರಿಗೆ ಕಾಲು ನೋಯುತ್ತಿದೆ ಎಂದು ಸುಗಂಧಿಗೆ ತಿಳಿದದ್ದು ಆಗಲೇ.

ಅಷ್ಟರಲ್ಲಿ ಅತ್ತೆ ಕಾಣಿಸಲಿಲ್ಲ. ಗಾಬರಿಯಿಂದ ಹುಡುಕಿದರೆ ರುಕ್ಮಿಣಿಯಮ್ಮ ಮೆರವಣಿಗೆಯ ಅಂಚಿನಲ್ಲಿ, ದಣಿದು ಕಲ್ಲುಕಟ್ಟೆಯ ಮೇಲೆ ಕೂತ ಹಳ್ಳಿಯ ಹೆಂಗಸೊಬ್ಬಳ ಪಕ್ಕದಲ್ಲಿ ಕೂತಿದ್ದರು. ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿ ಅಡಿಕೆಯಿಟ್ಟು ಅವಳಿಗೆ ಕೊಡುತ್ತಿದ್ದರು. ಆಕೆ ಬಾಯಿಗಿಟ್ಟುಕೊಂಡು, ರುಕ್ಮಿಣಿಯಮ್ಮನ ಹೆಗಲ ಬಟ್ಟೆಯ ಅಂಚು ಹಿಡಿದು ಏನೋ ಕೇಳಿದಳು. ರುಕ್ಮಿಣಿಯಮ್ಮ ಮೊಮ್ಮಗಳನ್ನು ಕೂಗಿದರು.

"ಸ್ನೇಹಾ, ಇವ್ಳ್ ಎಂತ ಕೇಂತಿದ್ಲ್ ಕಾಣ್."

ಸ್ನೇಹಲತಾ ಬಗ್ಗಿ ಮಾತಾಡಿದಳು. ಅವಳ ಬಂಗಾಳಿ ಬೀದಿಯ ಮಕ್ಕಳ ಬಂಗಾಳಿ, ಸರಾಗ. "ಇದು ನಮ್ಮಲ್ಲಿಯ ಹೊಲಿಗೆ, ಇವರಿಗೆ ಎಲ್ಲಿ ಸಿಕ್ಕಿತು ಅಂತ ಕೇಳ್ತಿದ್ದಾಳೆ" ಎಂದು ಹೇಳಿ, ಉತ್ತರವನ್ನೂ ತಾನೇ ಕೊಡತೊಡಗಿದಳು. ಆಸ್ಪತ್ರೆ, ಫುಟ್‌ಪಾತು, ಕಾಲೀಘಾಟಿನ ಮನೆ. ಆ ಹೆಂಗಸು ಜಗಿಯುವುದನ್ನು ನಿಲ್ಲಿಸಿದಳು.

ಅವಳ ಹೆಸರು ತುಳಸಿ, ಕ್ಯಾನಿಂಗ್ ಕಡೆಯ ಹಳ್ಳಿಯವಳು. ಹಿಂದಿನ ಮಳೆಗಾಲದಲ್ಲಿ ಅವಳ ಅಕ್ಕ ಅದೇ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಲಗಿದ್ದಳು. ಅವಳು ಬದುಕಿದ್ದಾಳೆ, ಮುಂದಿನ ತಿಂಗಳು ಮತ್ತೆ ಬರಬೇಕು.

"ಅಲ್ಲಿ ಅವಳನ್ನು ಇರಿಸಿಕೊಳ್ಳುತ್ತಾರಾ?" ಎಂದು ತುಳಸಿ ಕೇಳಿದಳು.

ಈ ಸಲ ಸುಗಂಧಿಯೇ ಉತ್ತರಿಸಿದಳು. "ಇರಿಸಿಕೊಳ್ಳುತ್ತೇವೆ. ಮೊದಲು ನಾವು ಅಲ್ಲಿಗೆ ಮುಟ್ಟಬೇಕು."

ತುಳಸಿ ಎದ್ದಳು. ತಮ್ಮೂರಿನ ಹೆಂಗಸರನ್ನು ಕೂಗಿದಳು, ಅವರು ಪಕ್ಕದ ಊರಿನವರನ್ನು ಕೂಗಿದರು. ಸ್ನೇಹಲತಾ ಸ್ವಯಂಸೇವಕನ ಎದುರು ನಿಂತು, "ದಾದಾ, ಇವರು ಆಸ್ಪತ್ರೆಯ ಮನೆಗಾಗಿ ನಡೆಯುತ್ತಿರುವವರು, ಒಂದು ಬದಿ ಬಿಡಿ" ಎಂದು ಗಂಟಲು ಹರಿಯುವಂತೆ ಕೂಗಿದಳು. ಅವಳ ಶಾಲೆಯ ಇಬ್ಬರು ಹುಡುಗಿಯರು ಎದುರಿನ ಮಹಡಿಯ ಬಾಲ್ಕನಿಯಿಂದ ನೋಡುತ್ತಿದ್ದರು. ಅವಳಿಗೆ ಅದು ಕಾಣಿಸಿತು. ಆದರೂ ಇನ್ನೊಂದು ಸಲ ಕೂಗಿದಳು.

ಸ್ವಯಂಸೇವಕ ಕೈ ಇಳಿಸಿ ಸೀಟಿ ಊದಿದ. ಮೆರವಣಿಗೆ ಎಡಕ್ಕೆ ಒತ್ತಿಕೊಂಡಿತು. ಒಂದಾಳು ಅಗಲದ ದಾರಿ ಬಿಟ್ಟುಕೊಟ್ಟಿತು. ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ, ಹೆಗಲಿಗೆ ಹೆಗಲು ತಾಗುತ್ತಾ ನಡೆದರು. ಹೆಂಗಸರು ಹೆಂಗಸರನ್ನು ಎಲ್ಲಿಗೆ, ಯಾಕೆ ಎಂದು ಕೇಳುತ್ತಿದ್ದರು. ಯಾರೋ ಸುಗಂಧಿಯ ಕೈಗೆ ಹುರಿದ ಮಂಡಕ್ಕಿಯ ಪೊಟ್ಟಣ ತುರುಕಿದರು.

ಹಾಜ್ರಾದಲ್ಲಿ ಸಾವಿತ್ರಿದಿ ಕಾರಿನಿಂದಿಳಿದು ನಿಂತಿದ್ದರು, ಚಿಂತೆಯಿಂದ ಮುಖ ಬಿಳಿಚಿಕೊಂಡಿತ್ತು. ಸಾಲು ಕಂಡದ್ದೇ, "ಇಷ್ಟು ತಡವಾ?" ಎಂದು ಮೇಷ್ಟರಮ್ಮನ ದನಿಯಲ್ಲಿ ಗದರಿ, ಸುಗಂಧಿಯ ತೋಳು ಹಿಡಿದು ನಡೆಯತೊಡಗಿದರು. ಇನ್ನೊಂದು ಬದಿಯಲ್ಲಿ ರುಕ್ಮಿಣಿಯಮ್ಮ. ಒಬ್ಬರದು ಬಂಗಾಳಿ, ಒಬ್ಬರದು ಕುಂದಾಪುರದ ಕನ್ನಡ. ಸೊಸೆ ಎಷ್ಟು ಬಡಕಲಾಗಿದ್ದಾಳೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದ್ದಂತೆ ಕಂಡಿತು. ಕಾಲೀಘಾಟಿನ ಮನೆಯ ಮುಂದೆ ಸಾವಿತ್ರಿದಿ ನಿಂತರು. ಉಳಿದವರು ಗರಿಯಾಹಾಟಿನ ಸೀರೆ ಅಂಗಡಿಗಳ ಮುಂದೆ ಬಂದು ಮುಟ್ಟಿದಾಗ ಬಿಸಿಲು ಬಂದಿತ್ತು. ಬೀದಿಯ ವ್ಯಾಪಾರಿಗಳು ಚಪ್ಪಾಳೆ ತಟ್ಟಿದರು. ಒಬ್ಬ ಅಂಗಡಿಯವನು, ಕಲೆ ಬಿದ್ದು ಮಾರಾಟವಾಗದ ಸೀರೆಗಳ ಕಟ್ಟೊಂದನ್ನು ತಂದು ಸುಗಂಧಿಯ ಕಾಲ ಬಳಿ ಇಟ್ಟುಹೋದ.

ಮನೆಗೆ ಬಂದಾಗ ಸುಧಾಕರ ಸಾರು ಬಿಸಿ ಮಾಡಿ, ಗೌರಿಗೆ ಉಣ್ಣಿಸಿ, ಬಾಗಿಲಲ್ಲಿ ನಿಂತಿದ್ದ. ತಾಯಿಯ ಮುಖ ನೋಡಿ, ಹೆಂಡತಿಯ ಮುಖ ನೋಡಿ, ಇಬ್ಬರಿಗೂ ಕಾಲು ಅದ್ದಲು ಬಿಸಿನೀರು ತಂದಿಟ್ಟ.

ಹಣ ಗೋಡೆಗೂ ಕಕ್ಕಸಿಗೂ ಸಾಕಾಯಿತು, ಮಂಚಗಳನ್ನು ಕೆರೆಯ ಹೆಂಗಸರು ಮನೆಮನೆಯಿಂದ ಎತ್ತಿ ತಂದರು. ಹೊದಿಕೆಗಳನ್ನು ರುಕ್ಮಿಣಿಯಮ್ಮ, ಸುಗಂಧಿ, ಸಾವಿತ್ರಿದಿ ಮೂವರೂ ಮಧ್ಯಾಹ್ನದ ಹೊತ್ತು ಕೂತು ಮುಗಿಸಿದರು. ಫಾಲ್ಗುಣದಲ್ಲಿ ಮನೆ ತೆರೆಯಿತು. ಆ ದಿನ ಸುಗಂಧಿಗೆ ಹೋಗಲಾಗಲಿಲ್ಲ. ಗೌರಿಗೆ ಜ್ವರ ಸುಡುತ್ತಿತ್ತು. "ನಾನ್ ಕೂಕಂತೆ, ನೀನ್ ಹೋಗ್" ಎಂದು ಅತ್ತೆ ಎಷ್ಟು ಹೇಳಿದರೂ ಅವಳು ಮಗಳ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತಾ, "ನೀವೇ ಹೋಯ್ ಬನಿ ಅತ್ತೆ. ಮರೀಬೇಡಿ, ಬಂದ್ ಮೇಲೆ ನಂಗ್ ಎಲ್ಲಾ ಹೇಳ್ಕ್" ಎಂದು ಅವರನ್ನೇ ಕಳಿಸಿದಳು. ಬೇಸರವಾಯಿತು, ನಿಜ. ಸಂಜೆ ಅತ್ತೆ ಬಂದು ಒಂದು ತಾಸು ಎಡೆಬಿಡದೆ ಹೇಳಿದ ಮೇಲೆ ಆ ಬೇಸರ ಉಳಿಯಲಿಲ್ಲ.

ಮೂರು ದಿನ ಬಿಟ್ಟು ಅವಳು ಹೋದಳು. ಹೊಸ ಸುಣ್ಣದ ವಾಸನೆ. ಅಂಗಳದ ಬಿಸಿಲಿಗೆ ನಾಲ್ಕೈದು ಹೆಂಗಸರು ಕೂತಿದ್ದರು. ಅವರಲ್ಲಿ ತುಳಸಿಯಂತೆಯೇ ಮೂಗಿದ್ದ ಒಬ್ಬಳು ಜಾಗ ಬಿಟ್ಟು ಸರಿದು ಕೇಳಿದಳು.

"ನೀವೂ ಔಷಧಿಗೆ ಬಂದವರಾ ದೀದಿ?"

"ಅಲ್ಲ. ನಾನು ಈ ಮನೆಯವಳೇ" ಎಂದು ಸುಗಂಧಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಧ್ಯಾಹ್ನಕ್ಕೆ ಎಷ್ಟು ಜನ ಉಣ್ಣುವವರಿದ್ದಾರೆ ಎಂದು ಕೇಳುತ್ತಾ ಅಡುಗೆಮನೆಗೆ ನಡೆದಳು.